ಫ್ಯಾನ್ ಬೆಲ್ಟ್ ವಿಷಯವಾಗಿ ನಾಗಣ್ಣ ಮಿಸ್ತ್ರಿಯವರ ಮೇಲೊಂದು ತಕರಾರು

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಎಡಮಗ್ಗುಲಲ್ಲಿ ತಗಡಿನ ಚಪ್ಪರ ಹಾಕಿಕೊಂಡು, ಸುತ್ತಲಿನ ಮೋಟಾರು ವಾಹನಗಳ ಆಯುಷ್ಯವನ್ನು ಅಂಗೈಯಲ್ಲಿ ಹಿಡಿದು ಕುಳಿತಿರುವ ನಾಗಣ್ಣ ಮಿಸ್ತ್ರಿಯವರ ಸನ್ನಿಧಿಗೆ,

ಮಾನ್ಯರೇ,

ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿರುವ ಅಂಬ್ರಪ್ಪನೆಂಬ ನಾನು, ತಮಗೂ ತಮ್ಮ ಗ್ರೀಸ್ ಡಬ್ಬಿಗೂ, ತಮ್ಮ ಚಪ್ಪರದಡಿ ಬಾನೆಟ್ ತೆರೆದು ಬಾಯಿಬಿಟ್ಟುಕೊಂಡು ತಿಂಗಳುಗಟ್ಟಲೆ ತಪಸ್ಸು ಮಾಡುತ್ತಿರುವ ಸಮಸ್ತ ವಾಹನಗಳಿಗೂ ಆಯುರಾರೋಗ್ಯವನ್ನು ಕೋರಿ, ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ತಾವು ನನಗೆ ದೊಡ್ಡ ಅನ್ಯಾಯ ಮಾಡಿದ್ದೀರಿ. ತಾವು ಯಾವ ಅನ್ಯಾಯವನ್ನು ಊಹಿಸುತ್ತಿರುವಿರೋ ಅದಲ್ಲ ಇದು. ಆದ್ದರಿಂದ ಕೈಯಲ್ಲಿರುವ ಪಾನಾ ಕೆಳಗಿಟ್ಟು ಕೊನೆಯವರೆಗೆ ಓದಬೇಕು.

ತಮಗೆ ನೆನಪಿರುವಂತೆ, ನಮ್ಮ ಕಾಲುವೆ ಕ್ಯಾಂಪಿನಿಂದ ನಿವೃತ್ತರಾಗಿ ಹೋದ ಇಂಜಿನಿಯರ್ ಸಾಹೇಬರೊಬ್ಬರ ಹಳೆಯ ಬಿಳಿ ಕಾರನ್ನು ನಾನು ಕೊಂಡು ಎರಡು ವರ್ಷವಾಯಿತು. ಕೊಂಡದ್ದು ಠೀವಿಗಲ್ಲ. ನನ್ನ ಹೆಂಡತಿ ಮರಿಲಿಂಗಮ್ಮ ಸರ್ಕಾರಿ ನರ್ಸು, ಬಸ್ಸು ಹೋಗದ ಊರುಗಳಲ್ಲೇ ಮಕ್ಕಳು ಹೆಚ್ಚು ಹುಟ್ಟುತ್ತವೆಂಬುದು ಅವಳ ಸೇವಾನುಭವ. ಅಂಥ ಊರುಗಳಿಗೆ ಅವಳನ್ನು ಮುಟ್ಟಿಸುವುದೊಂದೇ ಆ ಕಾರಿನ ಕೆಲಸ. ಆ ಕಾರನ್ನು ನಡೆಯುವಂತೆ ಇಡುವುದೊಂದೇ ತಮ್ಮ ಕೆಲಸವಾಗಿತ್ತು.

ತಾವು ಅದನ್ನು ಹೇಗೆ ನಡೆಸಿಕೊಂಡಿರೆಂದು ವರ್ಣಿಸಲು ನಮ್ಮ ಕಚೇರಿಯ ಕಾಗದ ಸಾಲದು. ಹಾರ್ನ್ ಕೂಗುವುದಿಲ್ಲವೆಂದು ಮೊದಲ ಸಲ ತಂದೆ. ತಾವು ಹಾರ್ನ್ ಸರಿಪಡಿಸಿದಿರಿ, ಎಡಗಡೆಯ ಬಾಗಿಲು ತೆರೆಯುವುದನ್ನು ಬಿಟ್ಟುಬಿಟ್ಟಿತು. ಬಾಗಿಲಿಗಾಗಿ ಮತ್ತೆ ತಂದೆ. ಬಾಗಿಲು ತೆರೆಯಿತು, ಆದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತಾನಾಗಿಯೇ ಕೂಗತೊಡಗಿತು. ಗೋಗಿ ಊರಿನ ತಿರುವಿನಲ್ಲಿ ಆಟೋದವರು ಮದುವೆಯ ದಿಬ್ಬಣ ಬಂತೆಂದು ತಿಳಿದು ಸಾಲಾಗಿ ಪಕ್ಕಕ್ಕೆ ನಿಂತರು. ಮೂರನೆಯ ಸಲ ಕಾರಿನ ಜೊತೆಗೆ ಒಂದು ಕಾಗದದ ಪೊಟ್ಟಣವನ್ನೂ ಕೊಟ್ಟಿರಿ. ಬಿಚ್ಚಿ ನೋಡಿದರೆ ಸ್ಕ್ರೂಗಳು.

"ಇವು ಉಳದಾವ್ರಿ ಸಾಹೇಬ್ರ. ಗಾಡಿಗೇನು ಬೇಕಾಗಿಲ್ಲ, ಮನ್ಯಾಗ ಇಟ್ಕೊಳ್ರಿ," ಎಂದಿರಿ.

ಕಾರು ತಯಾರಿಸಿದವರಿಗೇ ತಿಳಿಯದ ಹೆಚ್ಚುವರಿ ಸ್ಕ್ರೂಗಳನ್ನು ಕಂಡುಹಿಡಿದ ತಮ್ಮ ಪ್ರತಿಭೆಗೆ ಅಂದೇ ತಲೆಬಾಗಿದ್ದೇನೆ. ಆದರೆ ನಾಲ್ಕನೆಯ ಸಲ ಸರ್ವಿಸಿಗೆ ಬಿಟ್ಟಾಗ ತಾವು "ನಾಳಿ ಬರ್ರಿ" ಎಂದದ್ದನ್ನು ನಂಬಿ ಒಂಬತ್ತು ನಾಳೆಗಳ ಕಾಲ ಬಂದು ಹೋದೆನು. ಒಂಬತ್ತನೆಯ ನಾಳೆ ಕಾರನ್ನು ಹೇಗಿತ್ತೋ ಹಾಗೆಯೇ ಬಿಡಿಸಿಕೊಂಡು ಹೋಗಿ, ಇನ್ನು ಮುಂದೆ ನನ್ನ ಕಾರಿನ ಸರ್ವಿಸನ್ನು ನಾನೇ ಮಾಡಿಕೊಳ್ಳುತ್ತೇನೆಂದು ಮನೆಯಲ್ಲಿ ಘೋಷಿಸಿದೆ.

ಮರಿಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಕಚೇರ್ಯಾಗ ಪಂಖಾ ನಿಂತ್ರ ಅರ್ಜಿ ಬರದು ಆರು ತಿಂಗಳು ಕುಂದರ್ತೀರಿ. ನೀವು ಇಂಜಿನ್ ಬಿಚ್ತೀರೇನ್ರಿ?"

"ನಾಗಣ್ಣಗ ಬರ್ತದಂದ್ರ ನನಗ್ಯಾಕ ಬರಂಗಿಲ್ಲ?" ಎಂದೆ. ಈ ಪ್ರಶ್ನೆಗೆ ಉತ್ತರ ಮುಂದೆ ಬಯಲಾಗುವುದರಿಂದ ಇಲ್ಲಿ ಬರೆಯುವುದಿಲ್ಲ.

ಯಾದಗಿರಿಗೆ ಹೋಗಿ ಪಾನಾಗಳ ಒಂದು ಸೆಟ್ಟು, ಹೊಸ ಫ್ಯಾನ್ ಬೆಲ್ಟು, ಇಂಜಿನ್ ಆಯಿಲು, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಕಾರು ದುರಸ್ತಿಯ ಒಂದು ಪುಸ್ತಕ, ಇಷ್ಟನ್ನೂ ತಂದೆ. ಶನಿವಾರ ಕ್ವಾರ್ಟರ್ಸ್ ಮುಂದೆ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿದೆ. ಆಯಿಲ್ ಬದಲಿಸಿದೆ; ಅದರಲ್ಲಿ ಅರ್ಧ ನನ್ನ ಬನಿಯನ್ನಿಗೆ ಹೋಯಿತೆಂಬುದು ಬೇರೆ ಮಾತು. ಪ್ಲಗ್ ಒರೆಸಿದೆ. ಕೊನೆಗೆ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯುವ ಡೈನಮೋದ ಬೋಲ್ಟ್ ಸಡಿಲಿಸಿ, ಹಳೆಯ ಬೆಲ್ಟ್ ತೆಗೆದು ಹೊಸದನ್ನು ಕೂರಿಸಿದೆ. ಬೋಲ್ಟನ್ನು ಮತ್ತೆ ಬಿಗಿಮಾಡುವ ಹೊತ್ತಿಗೆ ಪಾನಾ ಆ ಸಂದಿಯಲ್ಲಿ ತಿರುಗಲೊಲ್ಲದು. ಬಿಚ್ಚುವಾಗ ತಿರುಗಿದ್ದು ಬಿಗಿಯುವಾಗ ಏಕೆ ತಿರುಗಲಿಲ್ಲವೆಂಬುದನ್ನು ಪುಸ್ತಕ ಹೇಳಿರಲಿಲ್ಲ. ಬೆರಳಿನಿಂದ ಸಾಧ್ಯವಾದಷ್ಟು ತಿರುವಿ, ಇಷ್ಟು ಸಾಕು ಎಂದುಕೊಂಡೆ. ಕ್ವಾರ್ಟರ್ಸ್ ಸುತ್ತ ಒಂದು ಸುತ್ತು ಹೊಡೆದೆ. ಕಾರು ಹೂವಿನಂತೆ ಓಡಿತು. ತಮ್ಮ ಕಸುಬಿನ ಬಗ್ಗೆ ಆ ಸಂಜೆ ನಾನು ನೆರೆಹೊರೆಯವರ ಮುಂದೆ ಆಡಿದ ಮಾತುಗಳನ್ನು ಈಗ ಹಿಂತೆಗೆದುಕೊಂಡಿದ್ದೇನೆ.

ಮರುದಿನ ಪೋಲಿಯೋ ಹನಿ ಹಾಕುವ ಭಾನುವಾರ. ಮರಿಲಿಂಗಮ್ಮನಿಗೆ ವನದುರ್ಗವನ್ನೂ, ಅದರಾಚೆ ಕಾಲುವೆ ಕೆಲಸಕ್ಕೆ ಬಂದವರು ಹಾಕಿಕೊಂಡಿದ್ದ ಜೋಪಡಿಗಳನ್ನೂ ಒಪ್ಪಿಸಿದ್ದರು. ಊರಿನ ಮಕ್ಕಳು ಪಟ್ಟಿಯಲ್ಲಿದ್ದವು. ಜೋಪಡಿಯ ಮಕ್ಕಳು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹೋದ ಸಲ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಈ ಸಲ ಬಿಡುವುದಿಲ್ಲವೆಂದು ಹಟ ಹಿಡಿದು, ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮುಂದಿನ ಸೀಟಿನಲ್ಲಿ ಕುಳಿತಳು.

ಕಾಲುವೆಯ ಏರಿಯ ಮೇಲೆ ನಾಲ್ಕು ಮೈಲಿ ಹೋಗಿರಬೇಕು. ಸ್ಟೇರಿಂಗಿನ ಮುಂದಿನ ಮೀಟರುಗಳ ನಡುವೆ ಒಂದು ಕೆಂಪು ದೀಪ ಹತ್ತಿಕೊಂಡಿತು.

"ಅದೇನ್ರಿ ಕೆಂಪು ದೀಪ?" ಎಂದಳು.

"ಇಂಜಿನ್ ಚೊಲೊ ನಡದದ ಅಂತ ತೋರಸ್ತದ," ಎಂದೆ. ನಿನ್ನೆಯವರೆಗೆ ಹತ್ತದ ದೀಪ ನನ್ನ ಸರ್ವಿಸಿನ ನಂತರ ಹತ್ತಿದೆಯೆಂದರೆ ಅದು ಪ್ರಶಂಸೆಯಲ್ಲದೆ ಇನ್ನೇನಾಗಿದ್ದೀತೆಂಬುದು ನನ್ನ ಪ್ರಾಮಾಣಿಕ ನಂಬಿಕೆಯಾಗಿತ್ತು. ಸ್ವಲ್ಪ ದೂರದಲ್ಲೇ ಬಾನೆಟ್ಟಿನ ಸಂದಿಗಳಿಂದ ಹೊಗೆಯೋ ಹಬೆಯೋ ಎದ್ದು, ರಸ್ತೆ ಕಾಣದಾಗಿ, ಕಾರು ಒಮ್ಮೆ ಬಿಕ್ಕಿ ನಿಂತಿತು. ಬಾನೆಟ್ ಎತ್ತಿದೆ. ಬೋಲ್ಟ್ ಸಡಿಲಾಗಿ ಡೈನಮೋ ಒಳಕ್ಕೆ ಬಾಗಿತ್ತು. ಬೆಲ್ಟ್ ಕಳಚಿ, ಫ್ಯಾನಿನ ರೆಕ್ಕೆಗೆ ಸಿಕ್ಕು ಹರಿದು ಜೋತಾಡುತ್ತಿತ್ತು. ರೇಡಿಯೇಟರಿನ ನೀರೆಲ್ಲ ಕುದಿದು ಹೋಗಿತ್ತು.

ನೀರು ಬೇಕು. ಪಕ್ಕದಲ್ಲೇ ಕಾಲುವೆ. ಬಗ್ಗಿ ನೋಡಿದರೆ ಕಾಲುವೆ ಒಣಗಿ ಬಿಕೋ ಎನ್ನುತ್ತಿತ್ತು. ದುರಸ್ತಿಗಾಗಿ ಆ ವಾರ ನೀರು ನಿಲ್ಲಿಸಲಾಗಿದೆಯೆಂಬ ಪ್ರಕಟಣೆಯನ್ನು ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಮೊಹರು ಒತ್ತಿದವನು ನಾನೇ. ನನ್ನ ಕಣ್ಣು ಐಸ್ ಡಬ್ಬಿಯ ಕಡೆಗೆ ಹೋಯಿತು.

"ಡಬ್ಬಿ ಮುಟ್ಟಿದ್ರ ಕೈ ಮುರೀತೀನಿ ನೋಡ್ರಿ," ಎಂದಳು ಮರಿಲಿಂಗಮ್ಮ. ಅವಳು ಆಡಿದ್ದನ್ನು ಮಾಡುವ ಹೆಂಗಸು.

ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಗೊಲ್ಲಾಳಮ್ಮನೆಂಬಾಕೆ ಹಬೆ ಕಂಡು ಓಡಿಬಂದಳು. ತಾನು ಕುಡಿಯಲು ತಂದಿದ್ದ ಕೊಡದ ನೀರನ್ನು ನನ್ನ ಪಕ್ಕದಲ್ಲಿಟ್ಟು, "ಗಾಡಿಗೆ ಕುಡಸ್ರಿ ಅಣ್ಣಾ, ನನಗ ಬಾವಿ ಐತಿ," ಎಂದಳು. ಬೆಲ್ಟಿಲ್ಲದ ಗಾಡಿ ಕುಡಿದೇನು ಮಾಡೀತು? ಮರಿಲಿಂಗಮ್ಮ ಸೆರಗು ಬಿಗಿದು ಡಬ್ಬಿಯನ್ನು ಹೆಗಲಿಗೇರಿಸಿದಳು. ಗೊಲ್ಲಾಳಮ್ಮ ಅವಳ ಕೈಯಿಂದ ಚೀಲ ಕಸಿದುಕೊಂಡಳು. "ನಡೀರಿ ಸಿಸ್ಟರ್, ಹೊಲದಾಗ ಹಾದು ಹೋದ್ರ ಊರು ಸಮೀಪ." ಇಬ್ಬರೂ ಹತ್ತಿಯ ಸಾಲಿನ ನಡುವೆ ನಡೆದು ಮರೆಯಾದರು. ನನ್ನನ್ನು ಬೈದಿದ್ದರೆ ಸಮಾಧಾನವಿತ್ತು. ಅವಳು ತಿರುಗಿಯೂ ನೋಡಲಿಲ್ಲ.

ಊರು ಹೇಗೋ ಆದೀತು, ಜೋಪಡಿಗಳು ಇನ್ನೂ ಮೂರು ಮೈಲಿ. ಡಬ್ಬಿಯ ಐಸು ಅಲ್ಲಿಯವರೆಗೆ ಉಳಿಯುವುದಿಲ್ಲ. ಶಹಾಪುರದ ಕಡೆಗೆ ಹೊರಟಿದ್ದ ಒಂದು ಟೆಂಪೋಗೆ ಅಡ್ಡ ನಿಂತು, ತಮ್ಮ ಹೆಸರು ಹೇಳಿ, ಬೆಲ್ಟ್ ಹರಿದಿದೆ, ಬರಹೇಳಿರೆಂದು ಕೈಮುಗಿದೆ. ತಾವು ಬರುತ್ತೀರೆಂಬ ಭರವಸೆ ನನಗಿರಲಿಲ್ಲ. ಒಂಬತ್ತು ನಾಳೆಗಳನ್ನು ಕಂಡವನು ನಾನು.

ಅಂಥ ತಾವು, ಮಾನ್ಯರೇ, ಒಂದು ಗಂಟೆಯೊಳಗೆ ಮೊಪೆಡ್ಡಿನ ಮೇಲೆ ಧೂಳೆಬ್ಬಿಸುತ್ತ ಬಂದಿರಿ. ಕೈಯಲ್ಲಿ ಅರ್ಧ ತಿಂದ ರೊಟ್ಟಿ ಸುತ್ತಿದ ಕಾಗದವಿತ್ತು.

"ಸಿಸ್ಟರ್ ಎಲ್ಲ್ಯಾರ್ರಿ?" ಎಂಬುದು ತಮ್ಮ ಮೊದಲ ಪ್ರಶ್ನೆ. "ನನ್ನ ಮೊಮ್ಮಗಳಿಗೆ ಜ್ವರ ನೆತ್ತಿಗೇರಿದಾಗ ಮೂರು ದಿನ ಅವರ ಬಂದು ನೋಡ್ಯಾರ."

ಬಾನೆಟ್ಟಿನೊಳಗೆ ಕೈಯಿಟ್ಟಿರಿ. ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ತಿರುಗಿಸಿದಿರಿ. ಅದು ಬಾಟಲಿಯ ಮುಚ್ಚಳದಂತೆ ತಿರುಗಿತು. ತಾವು ನನ್ನ ಮುಖ ನೋಡಿದಿರಿ. ನಾನು ಹತ್ತಿಯ ಹೊಲದ ಸೌಂದರ್ಯವನ್ನು ನೋಡಿದೆ. ಚೀಲದಿಂದ ಒಂದು ಬೆಲ್ಟ್ ತೆಗೆದು ಕೂರಿಸಿ, ಆ ತಿರುಗಲೊಲ್ಲದ ಸಂದಿಯಲ್ಲಿ ಸೊಟ್ಟ ಪಾನಾವೊಂದನ್ನು ತೂರಿಸಿ ಬಿಗಿದು, ಗೊಲ್ಲಾಳಮ್ಮನ ಕೊಡದ ನೀರನ್ನು ತಣಿದ ರೇಡಿಯೇಟರಿಗೆ ಸುರಿದಿರಿ. ಹರಿದ ಬೆಲ್ಟನ್ನು ತಮ್ಮ ಚೀಲದ ತಳಕ್ಕೆ ತುರುಕಿದಿರಿ. ನನ್ನ ಹಿಂದೆಯೇ ಮೊಪೆಡ್ಡಿನಲ್ಲಿ ವನದುರ್ಗಕ್ಕೂ ಬಂದಿರಿ.

ಊರಿನ ಕೊನೆಯ ಮಗುವಿಗೆ ಹನಿ ಹಾಕಿ ಮರಿಲಿಂಗಮ್ಮ ಜೋಪಡಿಗಳ ಕಡೆಗೆ ನಡೆದೇ ಹೊರಟಿದ್ದಳು. ಕಾರು ಕಂಡು ನಿಂತಳು. ನನ್ನನ್ನು ಕೇಳಲಿಲ್ಲ, ತಮ್ಮನ್ನು ಕೇಳಿದಳು: "ಏನಾಗಿತ್ತು ನಾಗಣ್ಣಾ?"

"ಬೆಲ್ಟ್ ಹಳೇದಾಗಿತ್ರಿ ಸಿಸ್ಟರ್," ಎಂದಿರಿ ತಾವು, ಕಣ್ಣು ಕೂಡ ಮಿಟುಕಿಸದೆ. "ಯಾರ ಕೈಯಾಗಿದ್ರೂ ಹರೀತಿತ್ತು. ಸಾಹೇಬ್ರು ಟೈಮಿಗೆ ಇಂಜಿನ್ ಬಂದ್ ಮಾಡ್ಯಾರ, ಅದಕ್ಕ ಉಳದದ."

ನಾವು ಜೋಪಡಿಗಳನ್ನು ಮುಟ್ಟಿದಾಗ ಡಬ್ಬಿಯಲ್ಲಿ ಐಸಿನ ಚೂರುಗಳು ಇನ್ನೂ ತೇಲುತ್ತಿದ್ದವು. ಸಿಮೆಂಟ್ ಚೀಲದ ಗೋಡೆಗಳ ಹಿಂದಿನಿಂದ ಒಂದೊಂದಾಗಿ ಇಪ್ಪತ್ತಾರು ಮಕ್ಕಳು ಹೊರಬಂದವು. ಒಬ್ಬ ತಾಯಿ ಮಗುವನ್ನು ಬಚ್ಚಿಟ್ಟುಕೊಂಡು ಒಲ್ಲೆನೆಂದಳು. ಮರಿಲಿಂಗಮ್ಮ ನೆಲದಲ್ಲಿ ಕುಳಿತು, ಹೆದರಬೇಡವೆಂದು ಎಷ್ಟು ಹೊತ್ತು ಹೇಳಿದಳೋ, ಕೊನೆಗೆ ಆ ತಾಯಿಯೇ ಮಗುವಿನ ಬಾಯಿ ತೆರೆದು ಹಿಡಿದಳು. ನಾನು ಕಾರಿಗೆ ಒರಗಿ ನೋಡುತ್ತ ನಿಂತಿದ್ದೆ. ಕಣ್ಣಿಗೆ ಧೂಳು ಬಿದ್ದಿತ್ತೆಂದು ದಾಖಲಿಸಿಕೊಳ್ಳಬೇಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಗುಡುಗಬೇಕಾದ ಜಾಗದಲ್ಲಿ ತಾವು ನನ್ನ ಮಾನ ಕಾದಿರಿ. ಇದರಿಂದ ನನಗಾಗಿರುವ ನಷ್ಟ ಅಷ್ಟಿಷ್ಟಲ್ಲ. ತಮ್ಮನ್ನು ಸೋಮಾರಿ, ಸುಳ್ಳುಗಾರ ಎಂದು ಬೈಯುತ್ತಿದ್ದ ನನ್ನ ಬಾಯಿ, ತಾವು ನನಗಾಗಿಯೇ ಸುಳ್ಳು ಹೇಳಿದ ದಿನದಿಂದ ಕಟ್ಟಿಹೋಗಿದೆ. ಕಚೇರಿಯಲ್ಲಿ ತಮ್ಮ ಮೇಲೆ ದಿನಕ್ಕೊಂದು ಕಥೆ ಹೇಳಿ ನಗಿಸುತ್ತಿದ್ದೆ. ಈಗ ಸಹೋದ್ಯೋಗಿಗಳು ಕೇಳಿದರೆ ಫೈಲಿನಲ್ಲಿ ತಲೆ ಹುದುಗಿಸುತ್ತೇನೆ. ಮನೆಯಲ್ಲಿ ಮರಿಲಿಂಗಮ್ಮ "ಟೈಮಿಗೆ ಬಂದ್ ಮಾಡಿದ್ರಂತ" ಎಂದು ರೊಟ್ಟಿಯ ಜೊತೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಾಳೆ. ಆ ತುಪ್ಪ ಗಂಟಲಲ್ಲಿ ಇಳಿಯುತ್ತಿಲ್ಲ ಮಾನ್ಯರೇ.

ಆದಕಾರಣ ತಾವು ದಯಮಾಡಿ ಭೀಮರಾಯನಗುಡಿಗೆ ಬಂದು, ನಮ್ಮ ಕ್ವಾರ್ಟರ್ಸ್ ಮುಂದೆ ನಿಂತು, ನೆರೆಹೊರೆಯವರಿಗೆಲ್ಲ ಕೇಳುವಂತೆ ನನ್ನನ್ನು ಒಮ್ಮೆ ಮನಸಾರೆ ಬೈದು ಹೋಗಬೇಕು; ಅಥವಾ ನಮ್ಮ ಕಾರನ್ನು ಮೊದಲಿನಂತೆಯೇ ಅರ್ಧಂಬರ್ಧ ರಿಪೇರಿ ಮಾಡಿ, ತಮ್ಮನ್ನು ಬೈಯುವ ನನ್ನ ಹಕ್ಕನ್ನು ಮರಳಿ ಕೊಡಬೇಕು. ಇವೆರಡೂ ಆಗದಿದ್ದರೆ, ಒಳ್ಳೆಯ ಮನುಷ್ಯನಾಗಿದ್ದೂ ಕೆಟ್ಟ ಮಿಸ್ತ್ರಿಯಾಗಿರುವುದು ಹೇಗೆ ಸಾಧ್ಯವೆಂಬುದಕ್ಕೆ ಲಿಖಿತ ವಿವರಣೆಯನ್ನಾದರೂ ನೀಡಬೇಕೆಂದು, ಎಣ್ಣೆ ಮೆತ್ತಿದ ಕೈಗಳನ್ನು ಜೋಡಿಸಿ ಪ್ರಾರ್ಥಿಸುತ್ತೇನೆ.

ಕಾರನ್ನು ತಾನೇ ಕೆಡಿಸಿಕೊಂಡು ತಮ್ಮಿಂದ ಉಪಕೃತನಾದ,
ತಮ್ಮ ವಿಶ್ವಾಸಿ
ಅಂಬ್ರಪ್ಪ
ಭೀಮರಾಯನಗುಡಿ

ತಾ.ಕ.: ಪತ್ರವನ್ನು ಮೇಜಿನ ಮೇಲಿಟ್ಟು ಅಂಟು ತರಲು ಹೋಗಿ ಬರುವಷ್ಟರಲ್ಲಿ ಈ ಕೆಳಗಿನ ಸಾಲುಗಳು ಸೇರಿಕೊಂಡಿವೆ. ಅಕ್ಷರ ನನ್ನ ಹೆಂಡತಿಯದು. ಹೊಡೆದುಹಾಕುವ ಧೈರ್ಯ ನನಗಿಲ್ಲದ್ದರಿಂದ ಹಾಗೆಯೇ ಕಳಿಸುತ್ತಿದ್ದೇನೆ:

"ನಾಗಣ್ಣಾ, ಮುಂದಿನ ಐತಾರ ಇವರು ಗಾಡಿ ನಿಮ್ಮ ಹಂತೇಲಿ ಬಿಟ್ಟು ಬಸ್ಸಿಗೆ ಮನಿಗೆ ಹೋಗ್ತಾರ. ನಾ ಅಲ್ಲೇ ಇರ್ತೀನಿ. ಸರ್ವಿಸ್ ನೀವು ಮಾಡ್ರಿ, ಬೋಲ್ಟ್ ನಾ ಬಿಗೀತೀನಿ, ಹ್ಯಾಂಗಂತ ತೋರಸ್ರಿ. ಇಬ್ಬರು ಗಂಡಸರ ಸುಳ್ಳು ನಂಬಿದಂಗ ಮಾಡಿ ಮಾಡಿ ನನಗ ಸಾಕಾಗೇದ."