ಸಂಘದ ಜೀಪಿಗೆ ಸಿಮೆಂಟ್ ನೆಲ

ನಮ್ಮ ಸಣ್ಣ ಬೆಳೆಗಾರರ ಸಂಘದ ತುರ್ತು ಜೀಪು ಸಂಘದ ಹಿತ್ತಲಿನಲ್ಲೇ ನಿಲ್ಲತಕ್ಕದ್ದು ಎಂದು ಬೈಲಾದಲ್ಲಿದೆ. ಕಾಯಿಲೆಯವರನ್ನು ಸಕಲೇಶಪುರದ ಆಸ್ಪತ್ರೆಗೆ ಸಾಗಿಸಲೆಂದೇ ಅದನ್ನು ಕೊಂಡದ್ದು. ಕಳೆದ ಮಳೆಗಾಲದಲ್ಲಿ ಅದು ಹಿತ್ತಲ ಕೆಸರಿನಲ್ಲಿ ಹೂತು, ಹಾವಿನಿಂದ ಕಚ್ಚಿಸಿಕೊಂಡಿದ್ದ ಭೂತಯ್ಯನವರೇ ಇಳಿದು ತಳ್ಳಬೇಕಾಯಿತು. ಅವರು ಬದುಕಿದರು. ಆದರೂ ಇದು ಸಂಘದ ಘನತೆಗೆ ತಕ್ಕುದಲ್ಲವೆಂದು, ಹಿತ್ತಲಿಗೆ ಎಂಥ ನೆಲ ಹಾಕಿಸಬೇಕೆಂದು ತೀರ್ಮಾನಿಸಲು ಉಪಸಮಿತಿ ರಚನೆಯಾಯಿತು. ವರದಿ ಬರೆಯುವ ಕರ್ಮ ನನ್ನ ಪಾಲಿಗೆ ಬಂತು.

"ಜಲ್ಲಿ ಹೊಡಿಸಿದ್ರೆ ಸಾಕು ಕಣ್ರೀ, ಚಕ್ರ ಹೂತ್ಕಳಲ್ಲ," ಎಂದ ಡ್ರೈವರ್ ಧರ್ಮ.

"ಜಲ್ಲಿ ಕಾಪಿ ಜೊತೆ ಬೆರ್ತೋದ್ರೆ ಆರ್ಸೋರು ಯಾರೋ?" ಎಂದರು ಅಧ್ಯಕ್ಷ ಸಿದ್ದಬಸಪ್ಪನವರು.

ಜೀಪಿನ ವಿಷಯದಲ್ಲಿ ಕಾಫಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಸಂದಿಯಲ್ಲಿ ಬೀಜ ಸಿಕ್ಕಿಕೊಳ್ಳುತ್ತದೆಂದು ಇಂಟರ್‌ಲಾಕ್ ಟೈಲ್ಸನ್ನೂ, ಬಿಸಿಲಿಗೆ ವಾಸನೆ ಹಿಡಿಸುತ್ತದೆಂದು ಡಾಂಬರನ್ನೂ ತಿರಸ್ಕರಿಸಲಾಯಿತು. ನುಣ್ಣನೆಯ ಸಿಮೆಂಟು, ಸುತ್ತ ಗೇಣೆತ್ತರದ ಕಟ್ಟೆ ಸರ್ವಾನುಮತದಿಂದ ಅಂಗೀಕಾರವಾದವು.

"ಕಟ್ಟೆ ಇದ್ರೆ ಜೀಪು ಹೆಂಗ್ ಹತ್ತುತ್ತೆ?"

"ಕಟ್ಟೆ ಇಲ್ದಿದ್ರೆ ಕಾಪಿ ಉಳ್ಳೋಗಲ್ವೇನೋ ಮಾರಾಯ?"

ಧರ್ಮನ ಮಾತೂ ಅಧ್ಯಕ್ಷರ ಮಾತೂ ನಿಜವಾದ್ದರಿಂದ, ಒಂದು ಕಡೆ ಜೀಪಿನ ಅಗಲಕ್ಕೆ ಕಟ್ಟೆ ಕಟ್ಟದೆ ದಾರಿ ಬಿಡಲಾಯಿತು.

ಡಿಸೆಂಬರಿನಲ್ಲಿ ನೆಲ ಸಿದ್ಧವಾಯಿತು. ಜೀಪು ಗಂಭೀರವಾಗಿ ಹೋಗಿ ನಡುವೆ ನಿಂತಿತು. ಮರುದಿನ ಬೆಳಗ್ಗೆ ಅದರ ಸುತ್ತ ನಲವತ್ತು ಮನೆಯ ಕಾಫಿ ಹರವಿತ್ತು. ಕೂಡಲೇ ಪ್ರಕಟಣೆ ಹೊರಟಿತು: "ಕಾಫಿ ಒಣಗುವ ತನಕ ಜೀಪನ್ನು ಕದಲಿಸತಕ್ಕದ್ದಲ್ಲ. ಸದಸ್ಯರು ಕೊಯ್ಲಿನ ಅವಧಿಯಲ್ಲಿ ಆರೋಗ್ಯವಾಗಿದ್ದು ಸಹಕರಿಸುವುದು." ಬರೆಯುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಅಕ್ಷರಗಳು ಮಾತ್ರ ದುಂಡಗೆ ಬಂದವು.

ಒಂಬತ್ತನೆಯ ದಿನ ಸಂಘದ ಸದಸ್ಯೆ ಚಿನ್ನಮ್ಮ ಏದುಸಿರು ಬಿಡುತ್ತಾ ಬಂದರು. "ಅಧ್ಯಕ್ಷರೇ, ಸೊಸೆ ಸುಚಿತ್ರಾಗೆ ನೋವು ಸುರುವಾಗೈತೆ. ಚೊಚ್ಚಲ ಹೆರಿಗೆ. ಬೇಗ ಜೀಪು ಕಳ್ಸಿ."

ಸಿದ್ದಬಸಪ್ಪನವರು ಒಂದು ಹಿಡಿ ಕಾಫಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಅನ್ನಲಿಲ್ಲ.

"ಇನ್ನೆರಡು ಬಿಸಿಲು ಬೇಕು ಕಣವ್ವ."

ಚಿನ್ನಮ್ಮ ಅಧ್ಯಕ್ಷರನ್ನು ನೋಡಿದರು, ಜೀಪನ್ನು ನೋಡಿದರು. ಆಮೇಲೆ ಬಗ್ಗಿ, ಜೀಪಿನ ಮುಂದಿನ ಚಕ್ರದ ಬಳಿ ಹರವಿದ್ದ ತಮ್ಮ ಪಾಲಿನ ಕಾಫಿಯಿಂದ ಒಂದು ಹಿಡಿ ಎತ್ತಿ ತಾವೂ ಅಲ್ಲಾಡಿಸಿದರು.

"ಎರಡು ಸಾಲ್ದು, ಮೂರಾದ್ರೂ ಬೇಕು," ಎಂದವರೇ ಆಟೋ ಹಿಡಿಯಲು ರಸ್ತೆಗೆ ಓಡಿದರು.