ಗಾಲಿಯಡಿಯ ನಿಂಬೆಹಣ್ಣು

ಎರಡು ಸಾವಿರದ ಮೂರರಲ್ಲಿ ಆಯುಧ ಪೂಜೆ ಶನಿವಾರ ಬಂದದ್ದೇ ದಾನಪ್ಪನ ಗ್ರಹಚಾರ. ಬೇರೆ ವಾರ ಬಂದಿದ್ದರೆ ಕೆನಡಾದ ರೆಕ್ಸ್‌ಡೇಲಿನ ಆ ಮನೆಯಲ್ಲಿ ಪೂಜೆ ಮಾಡಲು ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ.

ಪ್ಲಾಸ್ಟಿಕ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ದಾನಪ್ಪ ಮಲಗುವಂತಿರಲಿಲ್ಲ. ಮಧ್ಯಾಹ್ನ ಹತ್ತಿರದ ಅರೋರಾ ಊರಿನಲ್ಲಿ ಮಾದರಿ ವಿಮಾನಗಳ ಸ್ಪರ್ಧೆ; ಅಸಲಿಗೆ ಹೆಚ್ಚು ಹೋಲುವುದಕ್ಕೆ ಬಹುಮಾನ. ಮೊದಲ ಮಹಾಯುದ್ಧದಲ್ಲಿ ವೈರಿಗಳ ಪಾಳೆಯವನ್ನು ಮೇಲಿನಿಂದ ನೋಡಿ ಬರಲೆಂದು ಜರ್ಮನರು ಪ್ರಯೋಗಕ್ಕೆ ಒಂದೇ ಒಂದು ಕಟ್ಟಿ, ಆಮೇಲೆ ಕೈಬಿಟ್ಟ ವಿಮಾನವನ್ನು ಅವನು ಎರಡು ಚಳಿಗಾಲ ಬೇಸ್‌ಮೆಂಟಿನಲ್ಲಿ ಕೂತು ಹಗುರ ಕಟ್ಟಿಗೆಯಲ್ಲಿ ಮಾಡಿದ್ದ. ಹೆಂಡತಿ ಗುರುಬಸವ್ವನ ಕರಾರು ಸ್ಪಷ್ಟವಾಗಿತ್ತು. ಬಹುಮಾನ ಬಂದರೆ ಬೇಸ್‌ಮೆಂಟು ಅವನದು. ಬರದಿದ್ದರೆ ಅವಳ ತಮ್ಮ ಶೇಖಪ್ಪ ಸೋಫಾ ಸಮೇತ ಅಲ್ಲಿಗೆ ಬರುತ್ತಾನೆ. ಇಡೀ ಕೆನಡಾದಲ್ಲಿ ದಾನಪ್ಪನಿಗೆ ತನ್ನದು ಅನ್ನಿಸುತ್ತಿದ್ದದ್ದು ಬೇಸ್‌ಮೆಂಟಿನ ಆ ಮೇಜು ಮಾತ್ರ.

ಸ್ನಾನ ಮುಗಿಸಿ ಹೊರಗೆ ಬಂದರೆ, ಡ್ರೈವ್‌ವೇಯಲ್ಲಿ ಕಾರಿನ ಪಕ್ಕ ವಿಮಾನ ನಿಂತಿದೆ. ರೆಕ್ಕೆಯ ತುಂಬ ವಿಭೂತಿ, ಕುಂಕುಮ.

“ಏನ್ ಮಾಡಿದಿ ಇದು!”

“ಅದೂ ಗಾಡಿನ ಅಲ್ಲೇನ್ರಿ? ಕಾರಿಗೆ ಪೂಜಿ ಮಾಡಿ ಇದನ್ನ ಬಿಟ್ರ ಹೆಂಗ?” ಎಂದಳು ಗುರುಬಸವ್ವ.

ಪಕ್ಕದ ಮನೆಯ ಮೈಸೂರಿನ ಜಯಶೀಲಾ ಗದ್ದಲ ಕೇಳಿ ಓಡಿಬಂದರು. “ಅಯ್ಯೋ, ಯೋಚ್ನೆ ಮಾಡ್ಬೇಡಿ ದಾನಪ್ಪನವ್ರೇ. ಒದ್ದೆ ಬಟ್ಟೇಲಿ ಒರೆಸಿದ್ರೆ ಕ್ಲೀನಾಗಿ ಹೋಗತ್ತೆ!” ತಡೆಯುವ ಮೊದಲೇ ಒರೆಸಿಯೂ ಬಿಟ್ಟರು. ಹೋದದ್ದು ಕುಂಕುಮವಲ್ಲ, ರೆಕ್ಕೆಯ ಮೇಲೆ ಜರ್ಮನರ ಗುರುತಾಗಿ ಬರೆದಿದ್ದ ಕಪ್ಪು ಶಿಲುಬೆ. ರೆಕ್ಕೆಯೆಲ್ಲ ಹೋಳಿಯ ಮರುದಿನದ ಅಂಗಿಯಂತಾಯಿತು.

ಅಷ್ಟರಲ್ಲಿ ಶೇಖಪ್ಪ ಕಾರನ್ನು ನಿಂಬೆಹಣ್ಣುಗಳ ಮೇಲೆ ಹಾಯಿಸಿ ಇಳಿದ. “ಮಾವಾ, ಇದಕ್ಕೂ ಲಿಂಬಿಹಣ್ಣ ಇಡಬೇಕಲ್ಲಾ? ಅರ್ಧಾ ಪೂಜಿ ಛಲೋ ಅಲ್ಲ” ಎಂದವನೇ, ವಿಮಾನದ ಗಾಲಿಗಿಂತ ದೊಡ್ಡ ಹಣ್ಣೊಂದನ್ನು ಅದರ ಮುಂದಿಟ್ಟು ಹಿಂದಿನಿಂದ ದಬ್ಬಿದ. ಹಣ್ಣಿಗೇನೂ ಆಗಲಿಲ್ಲ. ಗಾಲಿ ಲಟಕ್ಕನೆ ಮುರಿದು ವಿಮಾನ ಮೂಗು ಊರಿತು.

ದಾನಪ್ಪ ಮೆಟ್ಟಿಲ ಮೇಲೆ ಕುಸಿದ. ಅಳೋಣವೆಂದರೆ ಅದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ!

ಹೆಸರು ಕೊಟ್ಟಾಗಿತ್ತು. ಮುರಿದದ್ದನ್ನೇ ಹೊತ್ತುಕೊಂಡು ಗಂಡ, ಹೆಂಡತಿ, ಶೇಖಪ್ಪ ಮೂವರೂ ಅರೋರಾಕ್ಕೆ ಹೋದರು. ಮುದುಕ ತೀರ್ಪುಗಾರರು ವಿಮಾನದ ಸುತ್ತ ಎರಡು ಸಲ ತಿರುಗಿ ಕನ್ನಡಕ ತೆಗೆದರು.

“ಇದು ಹಾರಿದ್ದೇ ಒಂದು ಸಲ. ಇಳಿಯುವಾಗ ಗಾಲಿ ಮುರಿದು ಹೀಗೇ ಮೂಗು ಊರಿತು, ಸೈನ್ಯ ಬೇಡವೆಂದಿತು. ಕೆಸರಿನ ಕಲೆಯನ್ನೂ ಬಿಟ್ಟಿಲ್ಲವಲ್ಲ ನೀವು!”

ದಾನಪ್ಪನಿಗೂ ಆ ಕತೆ ಗೊತ್ತಿತ್ತು. ಎರಡು ಚಳಿಗಾಲ ಕಟ್ಟಿದ್ದನ್ನು ಕೈಯಾರೆ ಮುರಿಯುವ ಮನಸ್ಸು ಅವನಿಗಿರಲಿಲ್ಲ, ಅಷ್ಟೆ. ಮೊದಲ ಬಹುಮಾನದ ಕಪ್ ಕೈಗೆ ಬಂದಾಗ ಅವನ ಕಣ್ಣು ತುಂಬಿತು. ಮೇಜು ಉಳಿಯಿತು!

“ಮುರಿದದ್ದು ಇಷ್ಟು ಸಹಜವಾಗಿ ಹೇಗೆ ಬಂತು?” ಎಂದು ತೀರ್ಪುಗಾರರು ಕೇಳಿದರು.

ದಾನಪ್ಪ ಬಾಯಿ ತೆರೆಯುವಷ್ಟರಲ್ಲಿ ಶೇಖಪ್ಪ ಮುಂದೆ ಬಂದ. “ದಟ್ ಈಸ್ ಮೈ ವರ್ಕ್ ಸರ್. ಒನ್ ಲೆಮನ್.”

ಮನೆಗೆ ಮರಳುವಾಗ ಗುರುಬಸವ್ವ ಕಾರಿನಲ್ಲೇ ಲೆಕ್ಕ ಹಾಕಿದಳು. “ನೀವ್ ಮಾಡಿದ್ದು ನೆಟ್ಟಗಿತ್ತು. ಹಂಗ ಇದ್ದಿದ್ರ ಬಹುಮಾನ ಯಾರ್ ಕೊಡ್ತಿದ್ರು ಹೇಳ್ರಿ? ಬಂದಿದ್ದು ನನ್ ತಮ್ಮನ ಕೈಗುಣದಿಂದ. ಅಂದಮ್ಯಾಲೆ ಬೇಸ್‌ಮೆಂಟು ಯಾರದು?”

ಸಂಜೆಯೊಳಗೆ ದಾನಪ್ಪನ ಮೇಜು ಗ್ಯಾರೇಜಿನಲ್ಲಿ ಹಿಮ ಬಾಚುವ ಸಲಿಕೆಗಳ ಪಕ್ಕಕ್ಕೆ ಹೋಗಿ, ಅದರ ಜಾಗಕ್ಕೆ ಸೋಫಾ ಇಳಿಯಿತು. ಅದನ್ನು ಹೊತ್ತು ತಂದ ದಣಿವಿಗೆ ಅವನು ಅದರ ತುದಿಯಲ್ಲೇ ಕೂತು, ಕೂತಲ್ಲೇ ನಿದ್ದೆಹೋದ.

ಯಾರೋ ಭುಜ ಅಲುಗಿಸಿದರು.

“ಮಾವಾ, ಸ್ವಲ್ಪ ಏಳ್ರಿ, ನಾ ಅಡ್ಡಾಗ್ತೀನಿ. ಮುಂದಿನ ವರ್ಷದ ವಿಮಾನ ಲಗೂನ ಶುರು ಮಾಡ್ರಿ. ಮುರಿಯಾಕ ನಾ ಅದೀನಲ್ಲ!”