ಅತ್ತಿಗೆಯ ಪ್ಯಾಡು ನನ್ನ ಕಾಲಿಗೆ

ನಮ್ಮ ಅತ್ತಿಗೆ ಇರುವ ಮನೆಗೆ ಬಾಗಿಲು ಮಾಡಿಸಿದ್ದೇ ದಂಡ! ನಂಬದಿದ್ದರೆ ಭದ್ರಾವತಿಯ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಬೆಲ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಅದೇನೋ ನಿಜ. ಆದರೆ ತೆರೆದ ಬಾಗಿಲಲ್ಲಿ ಅತ್ತಿಗೆ ನಿಂತಿರುತ್ತಾರೆ. ಕಾಲು ಅಗಲಿಸಿ, ಮಂಡಿ ತುಸು ಬಗ್ಗಿಸಿ, ಎರಡೂ ಕೈ ಮೈಯಿಂದ ಗೇಣುದ್ದ ದೂರ. ಬಾಯಿ ಮಾತ್ರ "ಬನ್ನಿ ಬನ್ನಿ, ಒಳಗೆ ಬನ್ನಿ" ಅನ್ನುತ್ತಿರುತ್ತದೆ. ಹೋಗುವುದು ಎಲ್ಲಿಂದ? ಗ್ಯಾಸ್ ತರುವವನು ಒಮ್ಮೆ ಆ ಕಡೆಯಿಂದ ನುಗ್ಗಲು ನೋಡಿದ, ಅತ್ತಿಗೆ ಆ ಕಡೆ ಬಂದರು. ಈ ಕಡೆಯಿಂದ ನೋಡಿದ, ಈ ಕಡೆ ಬಂದರು. ಕೊನೆಗೆ ಸಿಲಿಂಡರನ್ನು ಹೊರಗೇ ಇಳಿಸಿ, "ಅಮ್ಮಾ, ನೀವೇ ಗೆದ್ರಿ" ಅಂತ ಕೈ ಮುಗಿದು ಹೋದನಂತೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಹೈಸ್ಕೂಲಿನಿಂದ ಹಿಡಿದು ಐವತ್ತೆರಡನೇ ವಯಸ್ಸಿನವರೆಗೆ ಹಾಕಿ ತಂಡದ ಗೋಲ್ ಕೀಪರ್ ಆಗಿದ್ದ ಹೆಂಗಸು. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಸಂಗೀತ ಬಿಡುತ್ತಾರೆ, ಕೆಲಸ ಬಿಡುತ್ತಾರೆ, ಕಡೆಗೆ ಹೆಸರನ್ನೂ ಬಿಡುತ್ತಾರೆ. ನಮ್ಮ ಅತ್ತಿಗೆ ಗೋಲು ಬಿಡಲಿಲ್ಲ. ಬಿಟ್ಟುಕೊಡಲೂ ಇಲ್ಲ!

ಅವರ ಮದುವೆಯ ದಿನ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಉರುಟಣೆ ನಡೆಯುತ್ತಿತ್ತು. ಗಂಡು ಹೆಣ್ಣು ಎದುರುಬದುರು ನಿಂತು ಹೂಚೆಂಡು ಆಡಬೇಕು. ನಮ್ಮಣ್ಣ ಮೊದಲೇ ಸಂಕೋಚದ ಪ್ರಾಣಿ, ಹೂಚೆಂಡನ್ನು ತಲೆ ತಗ್ಗಿಸಿಕೊಂಡೇ ಎಸೆದ. ಅದು ಅತ್ತಿಗೆಯ ಮಂಡಿಯ ಮಟ್ಟಕ್ಕೆ ಬಂತು. ಬೇರೆ ಮದುಮಗಳಾಗಿದ್ದರೆ ನಾಚಿಕೊಂಡು ಬಗ್ಗುತ್ತಿದ್ದಳು. ಇವರು ಸೀರೆಯ ನೆರಿಗೆ ಎತ್ತಿ ಹಿಡಿದು ಬಲಗಾಲಲ್ಲಿ ಒಂದು ಒದೆ ಕೊಟ್ಟರು! ಚೆಂಡು ಹೋಗಿ ಪುರೋಹಿತರ ಎದೆಗೆ ಬಡಿಯಿತು. ಪುರೋಹಿತರು ಮಡಿಲಿಗೆ ಬಿದ್ದ ಸೇವಂತಿಗೆ ದಳಗಳನ್ನು ಕೊಡವಿಕೊಂಡು, "ಗಂಡಿಗೆ ಹೆಣ್ಣು ಒಪ್ಪಿಗೆ ಆಗಿದ್ದು ಹೌದಾ ಅಂತ ಇನ್ನೊಂದ್ಸಲ ಕೇಳಿ" ಅಂದರು.

ಮನೆಗೆ ಬಂದ ವಾರಕ್ಕೆ ಅಡುಗೆಮನೆಯ ಕಟ್ಟೆಯಿಂದ ಒಂದು ತೆಂಗಿನಕಾಯಿ ಉರುಳಿತು. ನಮ್ಮಮ್ಮ "ಅಯ್ಯೋ" ಅನ್ನುವಷ್ಟರಲ್ಲಿ ಅತ್ತಿಗೆ ಅದನ್ನು ಪಾದದಲ್ಲಿ ತಡೆದಾಗಿತ್ತು. ಪೂಜೆಗೆ ಇಟ್ಟ ಕಾಯಿ! ಅಮ್ಮನ ಮುಖ ನೋಡಿ ಅತ್ತಿಗೆಗೆ ತಪ್ಪು ಅರಿವಾಯಿತು. ಕಾಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಕ್ಷಮಿಸಪ್ಪಾ, ಗೋಲೊಳಗೆ ಹೋಗ್ತಿದ್ದೀಯ ಅಂದ್ಕೊಂಡೆ" ಅಂದರು. ಕಾಯಿಗೆ ಹೇಳಿದ್ದು. ಅಮ್ಮನಿಗಲ್ಲ.

ಹೀಗೆ ನಗುತ್ತ ನಗುತ್ತ ಇಪ್ಪತ್ತೇಳು ವರ್ಷ ಕಳೆದವು. ಭದ್ರಾವತಿಯಲ್ಲಿ ಹಳೇ ಆಟಗಾರ್ತಿಯರೆಲ್ಲ ಸೇರಿ ಒಂದು ತಂಡ ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಆಟ. ನಲವತ್ತು ದಾಟದವರಿಗೆ ಪ್ರವೇಶವಿಲ್ಲ. ಕ್ಯಾಪ್ಟನ್ ಸೆಲ್ವಿಯಕ್ಕ, ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಕೋಪ ಬಂದರೆ ತಮಿಳು, ಪ್ರೀತಿ ಬಂದರೆ ಕನ್ನಡ. ಕಳೆದ ವರ್ಷ ಒಂದು ದಿನ ಅವರ ಫೋನು ಬಂತು. ಕನ್ನಡದಲ್ಲೇ ಮಾತಾಡಿದರು. ನನಗೆ ಆಗಲೇ ಭಯವಾಯಿತು.

"ಟೀಚರಮ್ಮ, ನಿಮ್ಮತ್ತಿಗೆ ಹೋದ ವಾರ ಮೂರು ಗೋಲು ಬಿಟ್ಲು. ಈ ವಾರ ನಾಲ್ಕು. ಎಲ್ಲಾ ಎಡಗಡೆಯಿಂದಾನೇ. ಬಾಲ್ ಪಕ್ಕದಲ್ಲೇ ಹೋಗುತ್ತೆ, ಇವಳು ಮುಂದೆ ನೋಡ್ಕೊಂಡು ನಿಂತಿರ್ತಾಳೆ. ಕೇಳಿದ್ರೆ, ಹೇಳದೆ ಹೊಡೆದ್ರು ಅಂತಾಳೆ. ಗೋಲು ಯಾರಾದ್ರೂ ಹೇಳಿ ಹೊಡೀತಾರಾ?"

ನಾನು ಶಿವಮೊಗ್ಗದ ಗೋಪಾಳದಲ್ಲಿರುವವಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮೂರು ಮತ್ತೆ ನಾಲ್ಕು ಕೂಡಿಸಲು ಬರುತ್ತದೆ. ಯಾವುದೋ ನೆಪ ಹೇಳಿ ಅತ್ತಿಗೆಯನ್ನು ಕರೆಸಿಕೊಂಡು, ದುರ್ಗಿಗುಡಿಯಲ್ಲಿದ್ದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅಲ್ಲಿ ಒಂದು ಯಂತ್ರ. ಬೋಗುಣಿಯಂಥದ್ದರ ಒಳಗೆ ಮುಖ ಇಟ್ಟು, ಒಂದು ಕಣ್ಣು ಮುಚ್ಚಿ, ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅತ್ತಿಗೆ ಕೂತವರೇ ಟಕಟಕಟಕ ಒತ್ತತೊಡಗಿದರು. ಡಾಕ್ಟರು ಕಾಗದ ನೋಡಿ ಹುಬ್ಬೇರಿಸಿದರು.

"ಅಮ್ಮಾ, ಬೆಳಕು ಬರೋಕ್ ಮುಂಚೆನೇ ಒತ್ತುತ್ತಾ ಇದ್ದೀರಲ್ಲ?"

"ಬಂದ್ಮೇಲೆ ಒತ್ತಿದ್ರೆ ಏನ್ ಬಂತು ಡಾಕ್ಟ್ರೇ? ಬಾಲ್ ಬರೋಕ್ ಮುಂಚೆ ಕಾಲು ಅಲ್ಲಿರಬೇಕು."

ನಾನು ನಕ್ಕೆ. ಡಾಕ್ಟರೂ ನಕ್ಕರು. ಆಮೇಲೆ, "ಈಗ ನಿಜವಾಗಿ ಕಂಡಾಗ ಮಾತ್ರ ಒತ್ತಿ" ಅಂತ ಮೆಲ್ಲಗೆ ಹೇಳಿದರು. ಎರಡನೇ ಸಲ ಎಡಗಣ್ಣಿನ ಸರದಿ ಬಂದಾಗ ಯಂತ್ರದ ಹತ್ತಿರ ಸದ್ದೇ ಇಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಆ ಗುಂಡಿಯ ಟಕ್ ಶಬ್ದಕ್ಕೆ ಕಿವಿಗೊಟ್ಟಿದ್ದೆ. ಅಷ್ಟು ಹೊತ್ತಿನಲ್ಲಿ ಬಂದದ್ದು ಐದೋ ಆರೋ ಸಲ.

ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬಂದಿದೆ. ಎಡಗಣ್ಣು ಬಹುಪಾಲು ಹೋಗಿದೆ. ಬಲಗಣ್ಣಿನ ಅಂಚುಗಳೂ ಹೋಗಿವೆ, ನಡುವೆ ಮಾತ್ರ ಉಳಿದಿದೆ. "ಹೋದದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸಿಕೊಳ್ಳೋಣ. ದಿನಾ ಡ್ರಾಪ್ಸ್ ಹಾಕ್ಕೊಳ್ಳಿ. ಹಾಕಿ ಆಟ ಮಾತ್ರ ಬೇಡ. ಇನ್ನೊಂದು ಕಣ್ಣಿಗೆ ಏಟು ಬಿದ್ರೆ ಮುಗೀತು."

ಬಸ್ ಸ್ಟ್ಯಾಂಡಿಗೆ ಬಂದೆವು. ನಾನು ಜ್ಯೂಸ್ ಕುಡಿಯುತ್ತೀರಾ ಅಂದೆ. ಬೇಡ ಅಂದರು. ಭದ್ರಾವತಿ ಬಸ್ಸಿನ ಬೋರ್ಡು ನೋಡುತ್ತಾ ತಟ್ಟನೆ ಹೇಳಿದರು:

"ನಿಮ್ಮಣ್ಣನಿಗೆ ಹೇಳ್ಬೇಡ."

"ಯಾಕೆ ಅತ್ತಿಗೆ?"

"ನಮ್ಮಮ್ಮನೂ ಹಿಂಗೇ ಗೋಡೆ ಹಿಡ್ಕೊಂಡು ಓಡಾಡ್ತಿದ್ಲು. ನಾವು ಅರವತ್ತರ ಅರಳುಮರಳು ಅಂದ್ಕೊಂಡ್ವಿ. ಕಣ್ಣು ಹೋಗಿದೆ ಅಂತ ಗೊತ್ತಾದ್ಮೇಲೆ ಪ್ರೀತಿ ಮಾಡೋಕೆ ಶುರು ಮಾಡಿದ್ವಿ. ಒಲೆ ಹತ್ರ ಹೋಗ್ಬೇಡ, ಬಾವಿ ಹತ್ರ ಹೋಗ್ಬೇಡ, ಮೆಟ್ಲು ಇಳೀಬೇಡ. ಒಂದು ಕುರ್ಚೀಲಿ ಕೂರಿಸಿಬಿಟ್ವಿ. ಹನ್ನೆರಡು ವರ್ಷ ಕೂತ್ಲು ಕಣೆ. ನಂಗೆ ಆ ಕುರ್ಚಿ ಬೇಡ."

ನಾನು ಹೇಳುವುದಿಲ್ಲ ಅಂದೆ. ಹೇಳಲೂ ಇಲ್ಲ.

ಆದರೆ ಸೆಲ್ವಿಯಕ್ಕನಿಗೆ ಹೇಳಲೇಬೇಕಾಯಿತು, ನಾವಿಬ್ಬರೂ ಅವರ ಮನೆಗೆ ಹೋದೆವು. ವರ್ಷಕ್ಕೊಮ್ಮೆ ಶಿವಮೊಗ್ಗದ ಹೆಂಗಸರ ತಂಡದ ಜೊತೆ ಇವರಿಗೆ ಒಂದು ಪಂದ್ಯ. ಅದಕ್ಕೆ ಉಳಿದದ್ದು ಒಂದೇ ತಿಂಗಳು. ತಂಡದಲ್ಲಿ ಇರುವವರು ಸರಿಯಾಗಿ ಹನ್ನೊಂದು ಜನ. ಅವರಲ್ಲಿ ಇಬ್ಬರಿಗೆ ಮಂಡಿನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ, ಎಲ್ಲರಿಗೂ ಗೋಲಿನಲ್ಲಿ ನಿಲ್ಲಲು ಹೆದರಿಕೆ. ಗೋಲ್ ಕೀಪರ್ ಇಲ್ಲದಿದ್ದರೆ ಪಂದ್ಯವೇ ಇಲ್ಲ. ಸೆಲ್ವಿಯಕ್ಕ ತಮಿಳಿನಲ್ಲಿ ಸುಮಾರು ಹೊತ್ತು ಅತ್ತರು. ಆಗ ಅತ್ತಿಗೆ ನನ್ನ ಕಡೆ ಬೆರಳು ತೋರಿಸಿದರು.

"ಇವಳು ನಿಲ್ತಾಳೆ."

"ನಾನಾ? ಅತ್ತಿಗೆ, ನಂಗೆ ನಾಲ್ಕು ಹೆಜ್ಜೆ ಓಡೋಕೆ ಬರಲ್ಲ!"

"ಅದಕ್ಕೇ ಹೇಳಿದ್ದು. ಓಡೋಕೆ ಬರೋರು ಗೋಲು ಬಿಟ್ಟು ಓಡಿಹೋಗ್ತಾರೆ."

ನಲವತ್ತಾರು ವರ್ಷದ ಗಣಿತದ ಟೀಚರು, ಜೀವಮಾನದಲ್ಲಿ ಹಾಕಿ ಕೋಲನ್ನು ಹುಡುಗರನ್ನು ಹೆದರಿಸಲು ಕೂಡ ಹಿಡಿಯದವಳು, ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಭದ್ರಾವತಿಯ ಮೈದಾನದಲ್ಲಿ ನಿಂತಿದ್ದೆ. ಅತ್ತಿಗೆ ಮಂಡಿಯೂರಿ ಕೂತು ತಮ್ಮ ಪ್ಯಾಡನ್ನು ನನ್ನ ಕಾಲಿಗೆ ಕಟ್ಟಿದರು. ಹಾಸಿಗೆಯನ್ನೇ ಕಟ್ಟಿಕೊಂಡ ಹಾಗಿತ್ತು. ಎದೆಗೆ ಒಂದು ಕವಚ, ತಲೆಗೆ ಹೆಲ್ಮೆಟ್. ಹೆಲ್ಮೆಟ್ಟಿನ ಒಳಗೆ ವರ್ಷಗಳ ಬೆವರು ಮತ್ತು ಹರಳೆಣ್ಣೆಯ ವಾಸನೆ. "ಹೆಂಗಿದೆ?" ಅಂದರು. "ನಿಮ್ಮ ತಲೆ ಒಳಗೆ ಕೂತ ಹಾಗಿದೆ" ಅಂದೆ. "ಹಂಗಾದ್ರೆ ಅರ್ಧ ಕೆಲಸ ಆಯ್ತು ಬಿಡು."

ಉಳಿದರ್ಧ ಆಗಲಿಲ್ಲ. ಚೆಂಡು ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಕಲ್ಲಿನಷ್ಟು ಗಟ್ಟಿ ಚೆಂಡು ಮುಖದ ಕಡೆ ಬರುವಾಗ ಕಣ್ಣು ಬಿಟ್ಟುಕೊಂಡು ನಿಲ್ಲುವವರು ಮನುಷ್ಯರೇ? ಅತ್ತಿಗೆ ಹತ್ತು ಸಲ ಹೇಳಿದರು, ಇಪ್ಪತ್ತು ಸಲ ಬೈದರು. ಮೂರನೇ ಭಾನುವಾರ ಕೋಲು ಕೆಳಗೆ ಹಾಕಿ ಹತ್ತಿರ ಬಂದರು. ಬೈಯಲಿಲ್ಲ.

"ಕಣ್ಣಿರೋರು ಹಿಂಗೆ ಮುಚ್ಕೊಂಡು ನಿಲ್ಲೋದನ್ನ ನನ್ ಕೈಲಿ ನೋಡೋಕಾಗಲ್ಲ ಮಾರಾಯ್ತಿ."

ಆವತ್ತಿನಿಂದ ಮುಚ್ಚಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ತಡವಾಗಿ ಮುಚ್ಚತೊಡಗಿದೆ.

ಪಂದ್ಯ ಶಿವಮೊಗ್ಗದಲ್ಲಿ. ನೋಡಲು ಬಂದವರು ಮೂವತ್ತು ಜನ, ಅದರಲ್ಲಿ ಆರು ಜನ ನನ್ನ ವಿದ್ಯಾರ್ಥಿನಿಯರು. ಟೀಚರ್ ಸೋಲುವುದನ್ನು ನೋಡುವ ಸುಖ ಬಿಟ್ಟಾರೆಯೇ! ಅತ್ತಿಗೆ ನನ್ನ ಗೋಲಿನ ಬಲೆಯ ಹಿಂದೆ ನಿಂತಿದ್ದರು. ಮನೆ ಬಾಗಿಲಲ್ಲಿ ನಿಲ್ಲುವ ಹಾಗೆಯೇ. ಆಟ ಶುರುವಾಗಿ ಐದು ನಿಮಿಷಕ್ಕೆ ಮೊದಲ ಗೋಲು ಬಿತ್ತು. ನಾನು ತಿರುಗಿ ನೋಡಿದೆ.

"ಪರವಾಗಿಲ್ಲ! ಮುಂದೆ ನೋಡು!"

ಆಮೇಲೆ ಅವರು ಕೂಗುತ್ತಲೇ ಇದ್ದರು. "ಬಲಕ್ಕೆ! ಬಲಕ್ಕೆ ಬಾ! ಇನ್ನೂ ಬಲಕ್ಕೆ!" ನಾನು ಹೇಳಿದ ಹಾಗೆ ಬಲಕ್ಕೆ ಹೋದೆ. ಗೋಲು ಎಡದಿಂದ ಬಿತ್ತು. ಮತ್ತೆ ಎಡದಿಂದ. ಮತ್ತೆ. ಅರ್ಧ ಆಟ ಮುಗಿಯುವಾಗ ನಾಲ್ಕು ಗೋಲು. ಸೆಲ್ವಿಯಕ್ಕ ತಮಿಳಿಗೆ ಇಳಿದಿದ್ದರು. ನಾನು ನೀರು ಕುಡಿಯುತ್ತಾ ಲೆಕ್ಕ ಹಾಕುತ್ತಿದ್ದೆ, ಹಾಳು ಅಭ್ಯಾಸ. ಅರ್ಧ ಆಟದಲ್ಲಿ ಅತ್ತಿಗೆ ಒಂದೇ ಒಂದು ಸಲವೂ ‘ಎಡಕ್ಕೆ’ ಅನ್ನಲಿಲ್ಲ.

ಡಾಕ್ಟರು ಹೇಳಿದಾಗ ಅದು ಬರೀ ಮಾತಾಗಿತ್ತು. ಈಗ ಅರ್ಥವಾಯಿತು. ಅವರ ಪಾಲಿಗೆ ಎಡಗಡೆ ಕತ್ತಲೆಯಾಗಿರಲಿಲ್ಲ. ಎಡಗಡೆ ಅನ್ನುವುದೇ ಇರಲಿಲ್ಲ. ಅಷ್ಟು ಮೈದಾನ, ಅಷ್ಟು ಜನ, ಅವರಿಗೆ ಗೊತ್ತಾಗದ ಹಾಗೆ ಕಡಿಮೆಯಾಗಿಬಿಟ್ಟಿದ್ದರು. ನೀರಿನ ಬಾಟಲಿ ಕೆಳಗಿಟ್ಟು ಎದ್ದೆ.

ಆಟ ಮತ್ತೆ ಶುರುವಾಗುವ ಮುಂಚೆ ನಾನು ಹೇಳಿದೆ, "ಅತ್ತಿಗೆ, ನೀವು ಎಡಗಡೆ ಕಂಬದ ಆಚೆ ನಿಂತ್ಕೊಳ್ಳಿ. ಅಲ್ಲಿ ನೆರಳಿದೆ."

ಅಲ್ಲಿ ನಿಂತರೆ ಗೋಲು, ನಾನು, ಮೈದಾನ ಎಲ್ಲವೂ ಅವರ ಬಲಕ್ಕೆ ಬರುತ್ತಿದ್ದವು. ಕತ್ತು ತುಸು ತಿರುಗಿಸಿದರೆ ಸಾಕು. ಅತ್ತಿಗೆ ನನ್ನನ್ನು ನೋಡಿದರು.

"ಎಲ್ಲಿದೆ ನೆರಳು?"

"ಬರುತ್ತೆ."

ಅವರು ಬಿಸಿಲಲ್ಲಿ ನಡೆದು ಹೋಗಿ ಎಡಗಂಬದ ಆಚೆ ನಿಂತರು. ಆಟ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಎರಡನೇ ಅರ್ಧದಲ್ಲಿ ಬಿದ್ದದ್ದು ಒಂದೇ ಗೋಲು. ಅಷ್ಟೇ ಅಲ್ಲ, ನಾನು ಒಂದು ಚೆಂಡನ್ನು ತಡೆದೆ! ಅದು ಪ್ಯಾಡಿನ ಮೇಲಕ್ಕೆ, ತೊಡೆಗೆ ಬಡಿಯಿತು. ಕಣ್ಣು ಬಿಟ್ಟೇ ಇತ್ತು, ಆದ್ದರಿಂದ ನಕ್ಷತ್ರಗಳೆಲ್ಲ ಚೆನ್ನಾಗಿ ಕಂಡವು. ವಿದ್ಯಾರ್ಥಿನಿಯರು ಕಿರುಚಿದರು. ನನ್ನ ಮುಂದೆ ಏಳೆಂಟು ಹೆಂಗಸರ ಗುಂಪು. ಆ ಗದ್ದಲದಲ್ಲಿ ಅತ್ತಿಗೆಯ ದನಿ ಬಂತು.

"ಎಲ್ಲಿ? ಬಾಲ್ ಎಲ್ಲೇ?"

"ಇಲ್ಲೇ ಇದೆ ಅತ್ತಿಗೆ, ನನ್ನ ಕಾಲ ಹತ್ರ!"

"ಮತ್ತೆ ಒದಿ ಮಾರಾಯ್ತಿ! ಕುಂಕುಮ ಹಚ್ತೀಯಾ ಅದಕ್ಕೆ?"

ಒದ್ದೆ.

ಐದು ಸೊನ್ನೆಯಿಂದ ಸೋತೆವು. ಸೆಲ್ವಿಯಕ್ಕ ನನ್ನ ಬೆನ್ನು ತಟ್ಟಿ, ಹತ್ತು ಬೀಳುತ್ತೆ ಅಂದ್ಕೊಂಡಿದ್ದೆ ಅಂತ ಕನ್ನಡದಲ್ಲಿ ಹೇಳಿದರು. ಎಲ್ಲರೂ ಹೋದ ಮೇಲೆ ಅತ್ತಿಗೆ ನನ್ನ ಮುಂದೆ ಕೂತು ಪ್ಯಾಡಿನ ಪಟ್ಟಿಗಳನ್ನು ಬಿಚ್ಚಿದರು. ಕಣ್ಣು ಎಲ್ಲೋ ಇತ್ತು, ಬೆರಳುಗಳೇ ಬಕಲು ಹುಡುಕಿಕೊಂಡವು. ತೊಡೆ ಹಿಡಿದುಕೊಂಡಿದ್ದೆ.

"ನೋಯ್ತಾ ಇದೆಯಾ?"

"ಹೂಂ."

"ನಂಗೆ ಅದು ಕಾಣಲೇ ಇಲ್ಲ ಕಣೆ. ಹೆಂಗೆ ಬಂತು ಹೇಳು."

ಹೇಳಿದೆ. ಹಳದಿ ಅಂಗಿಯವಳು ಹೊಡೆದದ್ದು, ಯಾರದೋ ಕೋಲಿಗೆ ತಾಗಿ ಮೇಲೆದ್ದದ್ದು, ನಾನು ಒಂದು ಹೆಜ್ಜೆ ಎಡಕ್ಕೆ ಇಟ್ಟದ್ದು. ಅತ್ತಿಗೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇನ್ನೊಂದ್ಸಲ ಹೇಳು" ಅಂದರು. ಇನ್ನೊಂದು ಸಲ ಹೇಳಿದೆ.

ಮೈದಾನದ ಗೇಟಿನ ಹತ್ತಿರ ಅಣ್ಣ ನಿಂತಿದ್ದ. ಇಪ್ಪತ್ತೇಳು ವರ್ಷದಲ್ಲಿ ಒಂದು ಪಂದ್ಯಕ್ಕೂ ಬಂದವನಲ್ಲ. ಅತ್ತಿಗೆಯ ಮುಖ ಬಿಳಿಚಿತು.

"ನೀವ್ಯಾಕೆ ಬಂದ್ರಿ?"

"ಸುಮ್ನೆ" ಅಂದ. ಕಿಟ್ ಬ್ಯಾಗು ತೆಗೆದುಕೊಂಡು ತನ್ನ ಎಡ ಹೆಗಲಿಗೆ ಹಾಕಿಕೊಂಡ. ಅತ್ತಿಗೆಯ ಎಡಕ್ಕೆ ಬಂದು ನಿಂತ. ಯಾವಾಗಲೂ ಹತ್ತು ಹೆಜ್ಜೆ ಮುಂದೆ ನಡೆಯುವವನು.

ಅತ್ತಿಗೆ ನನ್ನ ಕಡೆ ಉರಿಗಣ್ಣು ಬಿಟ್ಟರು. ನಾನು ತಲೆ ಅಲ್ಲಾಡಿಸಿದೆ.

"ಅವಳೇನೂ ಹೇಳಿಲ್ಲ" ಅಂದ ಅಣ್ಣ. "ರಿಟೈರಾದ ಮೇಲೆ ನಾನೇ ತಾನೆ ಬಡಿಸೋದು? ತಟ್ಟೆಯ ಎಡಗಡೆ ಹಾಕಿದ ಪಲ್ಯ ನೀನು ಮುಟ್ಟದೇ ಏಳ್ತಿದ್ದೆ. ಒಂದಿನ ಬೆಂಡೆಕಾಯಿ, ನಿಂಗೆ ಪ್ರಾಣ ಅದು. ಅದೂ ಹಂಗೇ ಉಳೀತು. ಅವತ್ತಿಂದ ಬಲಗಡೆ ಬಡಿಸ್ತಾ ಇದ್ದೀನಿ. ವರ್ಷ ಆಯ್ತು."

"ಮತ್ತೆ ಯಾಕೆ ಏನೂ ಅನ್ಲಿಲ್ಲ?"

"ಅಂದಿದ್ರೆ ನೀನು ಆಟ ಬಿಡ್ತಿದ್ದೆ."

ಅತ್ತಿಗೆ ಅಣ್ಣನ ಕಡೆ ಕತ್ತು ತಿರುಗಿಸಿದರು. ಬಸ್ಸು ಬಂತು. ಅಣ್ಣ ಅವರ ಮೊಣಕೈಗೆ ಬೆರಳು ತಾಗಿಸಿದ, ಹಿಡಿಯಲಿಲ್ಲ.

"ಮೆಟ್ಲು" ಅಂದ.

ಅತ್ತಿಗೆ ಕಾಲೆತ್ತಿದರು.